ಜಗಲಿ ಮೇಲಿನ ಕುಂಡಕ್ಕೂ ಹೆಸರು ಕೇಳಿ

ಕಳೆದ ಸಲ ತೋಟದ ಬಸಿಗಾಲುವೆ ಬಗ್ಗೆ ಬರೆದಿದ್ದೆ. ಇವತ್ತು ಮನೆಯೊಳಗಿನ ಶೋ ಗಿಡಗಳ ಬಗ್ಗೆ ಬರೀತೀನಿ. "ಇವನಿಗೂ ಪೇಟೆ ಶೋಕಿ ಹಿಡೀತು" ಅಂತ ನಗಬೇಡಿ. ಈಗ ನಮ್ಮ ಕಡೆ ಕುಂಡ ಇಲ್ಲದ ಜಗಲಿ ಎಲ್ಲಿದೆ ಹೇಳಿ?

ಮಳೆಗಾಲಕ್ಕೆ ಮುಂಚೆ ಸೊಸೆ ನರ್ಸರಿಯಿಂದ ಐದು ಕುಂಡ ತಂದಿದ್ಲು. ಅದರಲ್ಲೊಂದು ದಪ್ಪ ಕಾಂಡದ್ದು, ಅಗಲ ಹಸಿರು ಎಲೆ ಮೇಲೆ ಬಿಳಿ ಮಚ್ಚೆ. ನೋಡೋಕೆ ಬಹಳ ಚಂದ. ಒಂದು ದಿನ ಒಂದೂವರೆ ವರ್ಷದ ಮೊಮ್ಮಗಳು ಅದರ ಎಲೆ ಕಚ್ಚಿಬಿಟ್ಲು. ಒಂದೇ ಸಮ ಕಿರುಚಾಟ, ಜೊಲ್ಲು, ತುಟಿ ಊದಿಕೊಂಡ್ತು. ಬಾಯಿ ಒರೆಸಿ, ತಣ್ಣೀರು ಕುಡಿಸಿ, ಬೈಕಲ್ಲಿ ಆಸ್ಪತ್ರೆಗೆ ಓಡಿದ್ವಿ. ಡಾಕ್ಟ್ರು ಮೊದಲು ಕೇಳಿದ್ದು "ಯಾವ ಗಿಡ?" ಅಂತ. ಮೂರು ಜನ ದೊಡ್ಡವರು ನಿಂತಿದ್ವಿ, ಒಬ್ಬರಿಗೂ ಹೆಸರು ಗೊತ್ತಿಲ್ಲ. ಸೊಸೆ ಕೈಯಲ್ಲಿ ಎಲೆ ಹಿಡ್ಕೊಂಡು ಬಂದಿದ್ದಕ್ಕೆ ಬಚಾವ್. ಡೈಫನ್‌ಬೇಕಿಯಾ ಅಂತೆ. ಸಂಜೆ ಹೊತ್ತಿಗೆ ಊತ ಇಳೀತು, ಮಗು ಹಾಲು ಕುಡೀತು. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ಯಾಕಂದ್ರೆ ತಪ್ಪು ನನ್ನದೂ ಇತ್ತು. ಅಡಿಕೆ ಸಸಿ ತರುವಾಗ ಮಂಗಳಾನೋ, ಊರ ತಳಿಯೋ, ತಾಯಿಮರ ಹೇಗಿದೆ ಅಂತ ಹತ್ತು ಪ್ರಶ್ನೆ ಕೇಳ್ತೀವಿ. ಮಗು ಓಡಾಡೋ ಮನೆಯೊಳಗೆ ಇಡೋ ಗಿಡಕ್ಕೆ "ಎಷ್ಟು ರೂಪಾಯಿ?" ಒಂದೇ ಪ್ರಶ್ನೆ.

ಆಮೇಲೆ ಓದಿ ತಿಳ್ಕೊಂಡೆ. ಇದು ನಮ್ಮ ಕೆಸುವಿನ ಕುಲದ್ದೇ. ಕೆಸು, ಸುವರ್ಣಗೆಡ್ಡೆ ಹೆಚ್ಚಿದ್ರೆ ಕೈ ತುರಿಸುತ್ತಲ್ಲ, ಹುಳಿ ಹಾಕದೆ ಬೇಯಿಸಿದ್ರೆ ಗಂಟಲು ಕೆರೆಯುತ್ತಲ್ಲ, ಅದಕ್ಕೆ ಕಾರಣ ಸೂಜಿಯಂಥ ಸಣ್ಣ ಹರಳುಗಳು. ಕ್ಯಾಲ್ಸಿಯಂ ಆಕ್ಸಲೇಟ್ ಅಂತಾರೆ. ಡೈಫನ್‌ಬೇಕಿಯಾದಲ್ಲೂ ಅದೇ ಇರೋದು. ಮನಿ ಪ್ಲಾಂಟ್, ಅಗ್ಲೋನಿಮಾ, ಸಿಂಗೋನಿಯಂ, ಆಂಥೂರಿಯಂ ಎಲ್ಲ ಇದೇ ಕುಲ. ಇಡಲೇಬಾರದು ಅಂತ ನಾನು ಹೇಳಲ್ಲ. ಕೆಸು ಬಿಟ್ವಾ ನಾವು? ಮಗುವಿನ ಕೈಗೆ ಸಿಗದ ಎತ್ತರದಲ್ಲಿಡಿ, ಕತ್ತರಿಸಿದ ಮೇಲೆ ಕೈ ತೊಳೀರಿ, ಕತ್ತರಿಸಿದ ಎಲೆ-ಕಾಂಡ ದನ ಕರು ಬಾಯಿ ಹಾಕೋ ಜಾಗದಲ್ಲಿ ಎಸೀಬೇಡಿ. ಮಗು ಕಚ್ಚಿದ್ರೆ ವಾಂತಿ ಮಾಡಿಸಬೇಡಿ. ಬಾಯಿ ಒರೆಸಿ, ತೊಳೆದು, ಎಲೆ ಸಮೇತ ಆಸ್ಪತ್ರೆಗೆ ಹೋಗಿ.

ಪುಟ್ಟ ಮಕ್ಕಳಿರೋ ಮನೆಗೆ ಬೇರೆ ಗಿಡಗಳಿವೆ. ಸ್ಪೈಡರ್ ಪ್ಲಾಂಟ್, ಬೋಸ್ಟನ್ ಜರಿಗಿಡ ವಿಷದವಲ್ಲ. ಅರೆಕಾ ಪಾಮ್ ಕೂಡ ಆಗುತ್ತೆ. ಹೆಸರಿಗಷ್ಟೇ ಅರೆಕಾ, ಅದು ಮಡಗಾಸ್ಕರ್ ದ್ವೀಪದ್ದು. ಅಡಿಕೆ ಬಿಡುತ್ತೆ ಅಂತ ಕಾಯಬೇಡಿ.

ಎರಡನೇ ಪ್ರಶ್ನೆ ಬೆಳಕಿಂದು. ನಮ್ಮ ಹೆಂಚಿನ ಮನೆ ನಡುಮನೆಯಲ್ಲಿ ಹಗಲು ಹೊತ್ತೇ ಕತ್ತಲೆ. ಮಧ್ಯಾಹ್ನ ಲೈಟ್ ಹಾಕದೆ ಪೇಪರ್ ಓದೋಕೆ ಆಗದ ಜಾಗದಲ್ಲಿ ಯಾವ ಗಿಡವನ್ನೂ ಕಾಯಂ ಇಡಬೇಡಿ. ಜಗಲಿ ಅಥವಾ ಕಿಟಕಿ ಪಕ್ಕ ಸರಿ. "ಗಾಳಿ ಶುದ್ಧ ಮಾಡುತ್ತೆ" ಅಂತ ಹೇಳಿ ಜಾಸ್ತಿ ದುಡ್ಡು ಕೇಳಿದ್ರೆ ಕೊಡಬೇಡಿ. ಆ ಮಾತು ಹಬ್ಬಿದ್ದು 1989ರ ನಾಸಾ ಪ್ರಯೋಗದಿಂದ. ಅದು ಗಾಳಿಯಾಡದ ಮುಚ್ಚಿದ ಪೆಟ್ಟಿಗೆಯಲ್ಲಿ ಮಾಡಿದ್ದು. ಕಿಟಕಿ ಬಾಗಿಲು ತೆಗೆದಿರೋ ಮನೆಗೆ ಆ ಲೆಕ್ಕ ಹೊಂದಲ್ಲ.

ಮೂರನೇದು ನೀರು. ಇಲ್ಲೇ ರೈತರು ಸೋಲೋದು. ಗಿಡ ಕಂಡ್ರೆ ನೀರು ಹೊಯ್ಯೋ ಕೈ ನಮ್ಮದು. ತೋಟಕ್ಕೆ ಬಸಿಗಾಲುವೆ ತೆಗೀತೀವಿ, ಕುಂಡದ ತೂತು ಕಟ್ಟಿಕೊಂಡಿದೆಯಾ ಅಂತ ಬಗ್ಗಿ ನೋಡಲ್ಲ. ಬೇರು ಕೊಳೆತು ಎಲೆ ಹಳದಿ ಆದ್ರೆ "ನೀರು ಸಾಲಲಿಲ್ಲ" ಅಂತ ಇನ್ನೊಂದು ಚೊಂಬು ಹೊಯ್ತೀವಿ. ಎರಡು ಗೆಣ್ಣು ಬೆರಳು ಮಣ್ಣಿಗೆ ಇಳಿಸಿ ನೋಡಿ, ಒಣಗಿದ್ರೆ ಮಾತ್ರ ನೀರು. ಬರೀ ತೋಟದ ಕೆಮ್ಮಣ್ಣು ತುಂಬಿದ್ರೆ ಕುಂಡದಲ್ಲಿ ಗಟ್ಟಿಯಾಗುತ್ತೆ, ಗೊಬ್ಬರ, ತೆಂಗಿನ ನಾರಿನ ಪುಡಿ ಸೇರಿಸಿ. ಯೂರಿಯಾ ಒಂದು ಹಿಡಿ ಹಾಕೋ ಅಭ್ಯಾಸ ಇಲ್ಲಿ ಬೇಡ, ಬೇರು ಸುಡುತ್ತೆ. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ, ಬಾಟ್ಲಿ ಮನಿ ಪ್ಲಾಂಟಿನ ನೀರು ವಾರದೊಳಗೆ ಬದಲಿಸಿ. ಡೆಂಗಿ ಸೊಳ್ಳೆ ಮೊಟ್ಟೆ ಇಡೋದು ಅಲ್ಲೇ.

ಸೊಸೆಗೆ ನಾನು ಬೈಲಿಲ್ಲ. ದಿನವಿಡೀ ಕೊಟ್ಟಿಗೆ, ಒಲೆ ಅಂತ ದುಡಿಯೋರಿಗೆ ಕಣ್ಣಿಗೆ ತಂಪಾಗೋ ನಾಲ್ಕು ಗಿಡ ಬೇಕು ಅನ್ನಿಸೋದು ತಪ್ಪಲ್ಲ. ಮಚ್ಚೆ ಎಲೆ ಗಿಡ ಈಗ ಅಟ್ಟದ ಕಿಟಕಿಯಲ್ಲಿದೆ. ಐದೂ ಕುಂಡದ ಮೇಲೆ ಪೇಂಟಲ್ಲಿ ಹೆಸರು ಬರೆದಿದ್ದೀವಿ. ನಿಮ್ಮ ಮನೆ ಕುಂಡದ ಗಿಡದ ಹೆಸರು ಗೊತ್ತಿಲ್ಲದಿದ್ರೆ ತಂದ ನರ್ಸರಿಗೆ ಫೋನ್ ಮಾಡಿ ಇವತ್ತೇ ಕೇಳಿ. ಹೆಸರು ಹೇಳೋಕೆ ಬಾರದ ನರ್ಸರಿಯಿಂದ ಮುಂದೆ ಗಿಡ ತರಬೇಡಿ.