ಅನ್ಯರ ನಂಬಿಕೆ, ನಮ್ಮ ಅಳತೆಗೋಲು

ಮತಸೌಹಾರ್ದದ ವಿಚಾರ ಬಂದಾಗಲೆಲ್ಲ ನಮ್ಮ ಗಡಿನಾಡಿನ ವೇದಿಕೆಗಳಲ್ಲಿ ಕೆಲವು ಮಾತುಗಳು ತಪ್ಪದೆ ಕೇಳಿಬರುತ್ತವೆ. ಕಾಸರಗೋಡು ಸಪ್ತಭಾಷೆಗಳ ಸಂಗಮಭೂಮಿ. ಇಲ್ಲಿ ತಳಂಗರೆಯ ಮಾಲಿಕ್ ದೀನಾರ್ ಮಸೀದಿಯಿದೆ, ಮಧೂರಿನ ಗಣಪತಿಯಿದ್ದಾನೆ, ಬೇಳದ ಇಗರ್ಜಿಯಿದೆ. ಆರಿಕ್ಕಾಡಿಯಲ್ಲಿ ಆಲಿ ಭೂತಕ್ಕೆ ಹಿಂದುಗಳು ಕೈಮುಗಿಯುತ್ತಾರೆ. ಉದ್ಯಾವರದ ಅರಸು ಮಂಜಿಷ್ಣಾರ್ ಕ್ಷೇತ್ರದ ಉತ್ಸವಕ್ಕೆ ಮಸೀದಿಗೆ ಹೋಗಿ ಆಮಂತ್ರಣ ಕೊಡುವ ಕ್ರಮವಿದೆ. ಮಂಜೇಶ್ವರದ ಗೋವಿಂದ ಪೈಗಳು ಏಸುವಿನ ಅಂತಿಮ ದಿನವನ್ನು ಕುರಿತು 'ಗೊಲ್ಗೊಥಾ' ಬರೆದರು. ಇದೆಲ್ಲವೂ ನಿಜ, ಹೆಮ್ಮೆಪಡತಕ್ಕದ್ದೂ ಹೌದು.

ಆದರೆ ಈ ಪಟ್ಟಿಯಲ್ಲಿರುವುದೆಲ್ಲ ನಮಗೆ ಅಜ್ಜ ಪಿಜ್ಜಂದಿರ ಕಾಲದಿಂದ ಪರಿಚಯವಿರುವ ಭೇದ. ನೆರೆಮನೆಯವರ ಹಬ್ಬ ನಮಗೆ ಗೊತ್ತು, ನಮ್ಮದು ಅವರಿಗೆ ಗೊತ್ತು. ರೂಢಿಯಾದ ಭೇದವನ್ನು ಸಹಿಸಲು ವಿಶೇಷ ಔದಾರ್ಯ ಬೇಕಾಗುವುದಿಲ್ಲ. ಪರಿಚಯವಿಲ್ಲದ, ತಲೆಬುಡ ತಿಳಿಯದ, ಕೇಳಿದೊಡನೆ ಸಿಟ್ಟು ಬರಿಸುವ ನಂಬಿಕೆಯೊಂದು ಎದುರಾದಾಗ ನಾವು ಹೇಗೆ ವರ್ತಿಸುತ್ತೇವೆ? ಈ ಪ್ರಶ್ನೆಗೆ ನಮ್ಮ ಕೇರಳದಲ್ಲೇ ಒಮ್ಮೆ ಉತ್ತರ ಹುಡುಕಬೇಕಾಗಿ ಬಂದಿತ್ತು. ಈಚಿನ ವರ್ಷಗಳಲ್ಲಿ ಆ ಹಳೆಯ ಪ್ರಕರಣದ ಹೆಸರು ಮತ್ತೆ ಮತ್ತೆ ಕೇಳಿಬರುತ್ತಿರುವುದರಿಂದ ಅದನ್ನು ಸ್ವಲ್ಪ ವಿವರವಾಗಿಯೇ ಓದುಗರ ಮುಂದಿಡುವುದು ಉಚಿತವೆಂದು ತೋರುತ್ತದೆ.

ಕೋಟ್ಟಯಂ ಜಿಲ್ಲೆಯ ಕಿಡಂಗೂರಿನ ಒಂದು ಹೈಸ್ಕೂಲಿನಲ್ಲಿ ಒಂದೇ ಮನೆಯ ಮೂವರು ಮಕ್ಕಳು ಹತ್ತು, ಒಂಬತ್ತು ಮತ್ತು ಐದನೆಯ ತರಗತಿಗಳಲ್ಲಿ ಓದುತ್ತಿದ್ದರು. ಅವರದು ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡ. ತಮ್ಮ ದೇವರನ್ನಲ್ಲದೆ ಬೇರೆ ಯಾವುದನ್ನೂ ಸ್ತುತಿಸುವ ವಿಧಿಯಲ್ಲಿ ಸೇರಕೂಡದೆಂಬುದು ಅವರ ನಂಬಿಕೆ. ಆದುದರಿಂದ ಬೆಳಗ್ಗಿನ ಅಸೆಂಬ್ಲಿಯಲ್ಲಿ ರಾಷ್ಟ್ರಗೀತೆ ಆರಂಭವಾದಾಗ ಈ ಮಕ್ಕಳು ಎಲ್ಲರಂತೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ಇವರಿಗಿಂತ ಮುಂಚೆ ಅದೇ ಶಾಲೆಯಲ್ಲಿ ಕಲಿತ ಇವರ ಅಕ್ಕಂದಿರೂ ಹಾಡಿದವರಲ್ಲ. ಅಷ್ಟು ವರ್ಷ ಅದು ಯಾರಿಗೂ ಕಣ್ಣುಕಿಸುರಾಗಿರಲಿಲ್ಲ.

1985ರ ಜುಲೈಯಲ್ಲಿ ಶಾಸಕರೊಬ್ಬರ ಗಮನಕ್ಕೆ ಇದು ಬಿತ್ತು. ದೇಶಭಕ್ತಿಗೆ ಕುಂದಾಯಿತೆಂದು ಅವರು ಶಾಸನಸಭೆಯಲ್ಲಿ ಪ್ರಶ್ನೆಯೆತ್ತಿದರು. ವಿಚಾರಣೆಗೆ ಆಯೋಗ ನೇಮಕವಾಯಿತು. ಮಕ್ಕಳು ಕಾನೂನನ್ನು ಪಾಲಿಸುವವರು, ರಾಷ್ಟ್ರಗೀತೆಗೆ ಯಾವ ಅಗೌರವವನ್ನೂ ತೋರಿಸಿದವರಲ್ಲ ಎಂದು ಆಯೋಗವೇ ವರದಿಯಿತ್ತಿತು. ಅಷ್ಟಾದರೂ ಶಾಲಾ ಉಪ ಇನ್‌ಸ್ಪೆಕ್ಟರರ ಸೂಚನೆಯಂತೆ ಜುಲೈ 26ರಂದು ಮೂವರನ್ನೂ ಶಾಲೆಯಿಂದ ಹೊರಗೆ ಹಾಕಲಾಯಿತು.

ತಂದೆ ಕೇರಳ ಹೈಕೋರ್ಟಿನ ಮೆಟ್ಟಲು ಹತ್ತಿದರು. ಮೊದಲು ಏಕಸದಸ್ಯ ಪೀಠ, ಆಮೇಲೆ ವಿಭಾಗೀಯ ಪೀಠ, ಎರಡೂ ಕಡೆ ಸೋಲು. ಅಲ್ಲಿನ ನ್ಯಾಯಾಧೀಶರು ರಾಷ್ಟ್ರಗೀತೆಯ ಪದಪದವನ್ನೂ ಪರೀಕ್ಷಿಸಿ, ಅದರಲ್ಲಿ ಯಾರ ಮತಭಾವನೆಗೂ ನೋವುಂಟುಮಾಡುವ ಒಂದು ಶಬ್ದವೂ ಇಲ್ಲವೆಂದು ಕಂಡುಕೊಂಡರು. ನಮ್ಮಲ್ಲಿ ಹೆಚ್ಚಿನವರು ಹೇಳುವುದೂ ಇದನ್ನೇ ತಾನೆ? "ಅದರಲ್ಲಿ ತಪ್ಪೇನಿದೆ, ಹಾಡಿದರೆ ಏನು ಹೋಗುತ್ತದೆ?" ಎಂದು ಕೇಳಿ ಬಿಡುತ್ತೇವೆ. ಮಾತು ಸಮಂಜಸವಾಗಿಯೇ ಕಾಣುತ್ತದೆ.

ಸುಪ್ರೀಂ ಕೋರ್ಟು ತಪ್ಪು ಕಂಡದ್ದು ಅಲ್ಲಿಯೇ. 1986ರ ಆಗಸ್ಟ್ 11ರಂದು 'ಬಿಜೋ ಇಮ್ಯಾನುಯೆಲ್ ವಿರುದ್ಧ ಕೇರಳ ರಾಜ್ಯ' ಪ್ರಕರಣದ ತೀರ್ಪಿನಲ್ಲಿ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಮತ್ತು ನ್ಯಾಯಮೂರ್ತಿ ಎಂ. ಎಂ. ದತ್ತ್ ಅವರು ಪ್ರಶ್ನೆಯನ್ನೇ ತಿರುಗಿಸಿ ಇಟ್ಟರು. ಒಂದು ನಂಬಿಕೆ ನಮ್ಮ ಬುದ್ಧಿಗೆ ಸರಿ ಕಾಣುತ್ತದೆಯೇ, ನಮ್ಮ ಭಾವನೆಗೆ ಹಿಡಿಸುತ್ತದೆಯೇ ಎಂಬುದು ಅಳತೆಗೋಲಲ್ಲ. ನಂಬುವವನು ಅದನ್ನು ಮನಸಾ ನಂಬಿದ್ದಾನೆಯೇ, ಅದು ತೋರಿಕೆಯದೋ ನಿಜವಾದದ್ದೋ ಎಂಬುದಷ್ಟೇ ನೋಡತಕ್ಕದ್ದು. ನಿಜವಾದದ್ದಾದರೆ ಸಂವಿಧಾನದ 25ನೆಯ ವಿಧಿಯ ರಕ್ಷಣೆ ಅದಕ್ಕುಂಟು. ಸಾರ್ವಜನಿಕ ಶಿಸ್ತು, ನೀತಿ, ಆರೋಗ್ಯ ಮೊದಲಾದ ಮಿತಿಗಳಿಗೆ ಒಳಪಟ್ಟು. ಎದ್ದು ನಿಂತು ಮೌನವಾಗಿದ್ದುದರಿಂದ ಇವುಗಳಲ್ಲಿ ಯಾವುದಕ್ಕೆ ಕೇಡಾಯಿತು? 1971ರ ರಾಷ್ಟ್ರಗೌರವ ಅಪಮಾನ ತಡೆ ಕಾಯಿದೆಯೂ ಶಿಕ್ಷೆ ವಿಧಿಸುವುದು ಹಾಡುವುದನ್ನು ಬೇಕೆಂದೇ ತಡೆದವರಿಗೆ, ಹಾಡುವ ಸಭೆಯನ್ನು ಕೆಡಿಸಿದವರಿಗೆ, ಸುಮ್ಮನೆ ನಿಂತವರಿಗಲ್ಲ. ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳಬೇಕೆಂದು ಆಜ್ಞೆಯಾಯಿತು.

ಇದೇ ಪಂಗಡದವರ ಇಂಥದೇ ಜಗಳ ಅಮೆರಿಕದಲ್ಲಿ ಮೊದಲೇ ನಡೆದಿತ್ತು. ಧ್ವಜವಂದನೆ ಮಾಡದ ಮಕ್ಕಳನ್ನು ಶಾಲೆಯಿಂದ ತೆಗೆದುಹಾಕಿದ್ದು ಸರಿಯೆಂದು ಅಲ್ಲಿನ ಸುಪ್ರೀಂ ಕೋರ್ಟು 1940ರಲ್ಲಿ ಎಂಟಕ್ಕೆ ಒಂದು ಮತದಿಂದ ತೀರ್ಮಾನಿಸಿತು. ಯುದ್ಧದ ಕಾಲ, ದೇಶಭಕ್ತಿಯ ಹೆಸರಿನಲ್ಲಿ ಈ ಪಂಗಡದವರ ಮೇಲೆ ಹಲವು ಊರುಗಳಲ್ಲಿ ಹಲ್ಲೆಗಳಾದವು. ಮೂರೇ ವರ್ಷದಲ್ಲಿ, 1943ರಲ್ಲಿ, ಅದೇ ಕೋರ್ಟು ತನ್ನ ತೀರ್ಪನ್ನು ತಾನೇ ಅಳಿಸಿಹಾಕಿತು. ಯುದ್ಧ ಇನ್ನೂ ಮುಗಿದಿರಲಿಲ್ಲ ಎಂಬುದನ್ನು ಗಮನಿಸಬೇಕು.

ಕಿಡಂಗೂರಿನ ವಿಷಯ ತೀರ್ಪಿನೊಂದಿಗೆ ಮುಗಿಯಿತೆಂದು ಯಾರಾದರೂ ತಿಳಿದಿದ್ದರೆ 2023ರ ಅಕ್ಟೋಬರ್ 29 ಅದನ್ನು ಸುಳ್ಳಾಗಿಸಿತು. ಅಂದು ಕೊಚ್ಚಿಯ ಬಳಿಯ ಕಳಮಶ್ಶೇರಿಯಲ್ಲಿ ಇದೇ ಯೆಹೋವನ ಸಾಕ್ಷಿಗಳ ಸಮ್ಮೇಳನದ ಕೊನೆಯ ದಿನ ಸಭಾಂಗಣದೊಳಗೆ ಬಾಂಬುಗಳು ಸಿಡಿದವು. ಸುಟ್ಟಗಾಯಗಳಿಂದ ನರಳಿ ವಾರಗಳ ಅನಂತರ ತೀರಿಕೊಂಡವರೂ ಸೇರಿ ಸತ್ತವರು ಎಂಟು ಮಂದಿ. ಅವರಲ್ಲಿ 12 ವರ್ಷದ ಒಬ್ಬ ಬಾಲೆಯೂ ಇದ್ದಳು. ತಾನು ಅದೇ ಪಂಗಡಕ್ಕೆ ಸೇರಿದ್ದವನೆಂದು ಹೇಳಿಕೊಂಡ ವ್ಯಕ್ತಿಯೊಬ್ಬ ಪೊಲೀಸರಿಗೆ ಶರಣಾದ. ಅದಕ್ಕೆ ಮೊದಲು ಅವನು ಹರಿಯಬಿಟ್ಟ ವಿಡಿಯೋದಲ್ಲಿ ಆ ಪಂಗಡದ ಬೋಧನೆ ದೇಶವಿರೋಧಿಯೆಂದೂ, ರಾಷ್ಟ್ರಗೀತೆ ಹಾಡಬಾರದೆಂದು ಮಕ್ಕಳಿಗೆ ಕಲಿಸುತ್ತಾರೆಂದೂ ಆರೋಪಿಸಿದ್ದ. 1985ರಲ್ಲಿ ಶಾಸನಸಭೆಯಲ್ಲಿ ಕೇಳಿಬಂದ ದೂರೇ ಮೂವತ್ತೆಂಟು ವರ್ಷಗಳ ಮೇಲೆ ಇನ್ನೊಂದು ಬಾಯಿಂದ ಬಂತು.

ಅದೇ ದಿನದ ಇನ್ನೊಂದು ಸಂಗತಿಯನ್ನೂ ಮರೆಯುವಂತಿಲ್ಲ. ಆ ವ್ಯಕ್ತಿ ಶರಣಾಗುವುದಕ್ಕೆ ಮೊದಲು, ಯಾರು ಮಾಡಿದರೆಂದು ಯಾರಿಗೂ ಗೊತ್ತಿಲ್ಲದ ಆ ಕೆಲವು ಗಂಟೆಗಳಲ್ಲಿ, ಸಾಮಾಜಿಕ ಜಾಲತಾಣಗಳಲ್ಲಿ ತೀರ್ಪು ಆಗಿಹೋಗಿತ್ತು. ಬೆರಳು ತೋರಿಸಿದ್ದು ಸಂಬಂಧವೇ ಇಲ್ಲದ ಬೇರೊಂದು ಮತದವರ ಕಡೆಗೆ. ನಿಜ ತಿಳಿದ ಮೇಲೆ ಅವರಲ್ಲಿ ಎಷ್ಟು ಮಂದಿ ಆ ಮಾತನ್ನು ಹಿಂತೆಗೆದುಕೊಂಡರೋ ದೇವರೇ ಬಲ್ಲ.

ಇನ್ನು ಗಡಿಯ ಆಚೆ ನೋಡೋಣ. ಉಡುಪಿಯ ಸರಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ 2021ರ ಕೊನೆಗೆ ಹಿಜಾಬ್ ಧರಿಸಿದ ಕೆಲವು ವಿದ್ಯಾರ್ಥಿನಿಯರನ್ನು ತರಗತಿಗೆ ಬಿಡದಿದ್ದುದರಿಂದ ಆರಂಭವಾದ ವಿವಾದ ನಮ್ಮ ಓದುಗರಿಗೆ ಹೊಸತಲ್ಲ. ನಮ್ಮ ಮಕ್ಕಳಲ್ಲಿ ಬಹಳ ಮಂದಿ ತಲಪಾಡಿ ದಾಟಿ ಮಂಗಳೂರಿಗೆ ಕಲಿಯಲು ಹೋಗುವವರು. ಆ ತಿಂಗಳುಗಳಲ್ಲಿ ಮನೆಮನೆಯಲ್ಲಿ ಅದೇ ಮಾತಿತ್ತು. ಕರ್ನಾಟಕ ಸರಕಾರ 2022ರ ಫೆಬ್ರವರಿ 5ರಂದು ಸಮವಸ್ತ್ರದ ಆದೇಶ ಹೊರಡಿಸಿತು. ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟಿನ ಪೂರ್ಣಪೀಠ ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲವೆಂದು ಹೇಳಿ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಾರಿ ಹಿಡಿದರು. ಹೇಮಂತ್ ಗುಪ್ತಾ ಅವರು ಆದೇಶ ಸರಿಯೆಂದರು. ಸುಧಾಂಶು ಧೂಲಿಯಾ ಅವರು ಅದನ್ನು ರದ್ದುಮಾಡಿದರು. ಅತ್ಯಗತ್ಯವೋ ಅಲ್ಲವೋ ಎಂಬ ಚರ್ಚೆಗೇ ಹೋಗಬೇಕಾಗಿರಲಿಲ್ಲ, ಹುಡುಗಿಯ ಆಯ್ಕೆ ಮತ್ತು ಅವಳ ವಿದ್ಯೆ ಮುಖ್ಯವೆಂದು ಹೇಳಿ, ಅದಕ್ಕೆ ಆಧಾರವಾಗಿ ಅವರು ನೆಚ್ಚಿದ್ದು ಕಿಡಂಗೂರಿನ ಮಕ್ಕಳ ಪ್ರಕರಣವನ್ನು. ಒಮ್ಮತವಿಲ್ಲದ್ದರಿಂದ ವಿಷಯವನ್ನು ದೊಡ್ಡ ಪೀಠಕ್ಕಾಗಿ ಮುಖ್ಯ ನ್ಯಾಯಮೂರ್ತಿಗಳ ಮುಂದಿಡಲಾಯಿತು.

ಎರಡು ಪ್ರಕರಣಗಳೂ ಒಂದೇ ಅಲ್ಲವೆಂಬ ವಾದವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಸಮವಸ್ತ್ರದ ಉದ್ದೇಶವೇ ಬಡವ ಬಲ್ಲಿದ, ಜಾತಿ ಮತ ಎಂಬ ಗುರುತುಗಳನ್ನು ಗೇಟಿನ ಹೊರಗಿಡುವುದು. ಕೇರಳ ಹೈಕೋರ್ಟು ಕೂಡ 2018ರ ಡಿಸೆಂಬರಿನಲ್ಲಿ, ತಲೆವಸ್ತ್ರ ಮತ್ತು ಪೂರ್ಣತೋಳಿನ ಅಂಗಿಗೆ ಅನುಮತಿ ಕೇಳಿದ ಇಬ್ಬರು ಹುಡುಗಿಯರ ಅರ್ಜಿಯಲ್ಲಿ, ಖಾಸಗಿ ವಿದ್ಯಾಸಂಸ್ಥೆಯ ಹಕ್ಕೇ ಮೇಲೆಂದಿತು. ಅದೇ ನ್ಯಾಯಾಧೀಶರು 2016ರಲ್ಲಿ ವೈದ್ಯಕೀಯ ಪ್ರವೇಶ ಪರೀಕ್ಷೆಗೆ ಹೊರಟ ಹುಡುಗಿಗೆ, ಮುಂಚಿತವಾಗಿ ತಪಾಸಣೆಗೆ ಒಳಗಾಗುವ ಷರತ್ತಿನ ಮೇಲೆ, ತಲೆವಸ್ತ್ರ ಧರಿಸಲು ಅನುಮತಿ ಕೊಟ್ಟಿದ್ದರು. ಅಂದರೆ ಕಾನೂನು ಇನ್ನೂ ಒಂದು ದಡ ಸೇರಿಲ್ಲ. ನಮ್ಮ ಮಟ್ಟಿಗೆ ಹೇಳುವುದಾದರೆ, ತಲೆಯ ಮೇಲಿನ ಒಂದು ಮೊಳ ಬಟ್ಟೆಯಿಂದ ಪಕ್ಕದ ಬೆಂಚಿನವಳ ಪಾಠ ಕೆಡುತ್ತದೆಂದು ಯಾರೂ ತೋರಿಸಿಕೊಟ್ಟದ್ದನ್ನು ನಾವು ಕಂಡಿಲ್ಲ. ಅದನ್ನು ಅವಳ ಮೇಲೆ ಮನೆಯವರು ಹೇರಿದ್ದರೆ ಅದು ಬೇರೆಯೇ ಪ್ರಶ್ನೆ. ಆದರೆ ಹೇರಿಕೆಯಿಂದ ಬಿಡಿಸುವ ಉಪಾಯ ಅವಳನ್ನು ಶಾಲೆಯಿಂದ ಹೊರಗಿಡುವುದಂತೂ ಆಗಲಾರದು.

ಇದರಲ್ಲಿ ಕಾಸರಗೋಡಿನ ಕನ್ನಡಿಗರಿಗೇನು ಕೆಲಸ ಎಂದು ಕೇಳುವವರಿದ್ದಾರೆ. ಕೆಲಸವುಂಟು. ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವನ್ನು ಘಟಕವಾಗಿ ಇಟ್ಟುಕೊಂಡೇ ನಿರ್ಣಯಿಸಬೇಕೆಂದು ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ 2002ರಲ್ಲಿ ಟಿ. ಎಂ. ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹೇಳಿದೆ. ಮಂಗಳೂರಿನಲ್ಲಿ ಬಹುಸಂಖ್ಯಾತನಾಗಿದ್ದ ಕನ್ನಡಿಗ ತಲಪಾಡಿಯ ಗೇಟು ದಾಟಿದೊಡನೆ ಅಲ್ಪಸಂಖ್ಯಾತನಾಗುತ್ತಾನೆ. 1956ರ ನವೆಂಬರ್ 1ರಿಂದ ನಾವು ಕೇಳುತ್ತ ಬಂದ ಮಾತು ಯಾವುದು? "ಮಲಯಾಳಂ ಕಲಿತರೆ ಏನು ಹೋಗುತ್ತದೆ? ಅದರಲ್ಲಿ ತಪ್ಪೇನಿದೆ?" 2017ರಲ್ಲಿ ಮಲಯಾಳಂ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾಯಿದೆ ಬಂದು ಇಲ್ಲಿನ ಕನ್ನಡಿಗರು ಬೀದಿಗಿಳಿದಾಗಲೂ ಇದೇ ಮಾತು ಬಂತು. ಕೇಳಿದವರು ಕೆಟ್ಟವರೆಂದಲ್ಲ, ಕೆಲವರು ಪ್ರೀತಿಯಿಂದಲೇ ಕೇಳಿದರು. ಆದರೆ ನಮಗೆ ನಮ್ಮ ಭಾಷೆ ಎಷ್ಟು ಬೇಕೆಂಬುದನ್ನು ಅದು ಬೇಡದವರು ಅಳೆಯಲಾರರು ಎಂಬುದೇ ನಮ್ಮ ವಾದವಲ್ಲವೆ? ಆ ವಾದವನ್ನು ಭಾಷೆಗೆ ಮಾತ್ರ ಹೂಡಿ, ನೆರೆಯವನ ನಂಬಿಕೆಯ ಪ್ರಶ್ನೆ ಬಂದಾಗ ಹೈಕೋರ್ಟಿನವರಂತೆ ಪದಪದ ಬಿಡಿಸಿ "ಇದರಲ್ಲೇನಿದೆ" ಎನ್ನುವುದು ಹೇಗೆ ಕೂಡುತ್ತದೆ?

ಕಿಡಂಗೂರಿನ ತೀರ್ಪಿನಲ್ಲಿ ನಮ್ಮ ನಿತ್ಯದ ಉಪಯೋಗಕ್ಕೆ ಬರುವ ಇನ್ನೊಂದು ಅಂಶವಿದೆ. ಅದರ ಕಡೆಗೆ ಗಮನ ಹೋದದ್ದು ಕಡಿಮೆ. ಮಕ್ಕಳನ್ನು ಹೊರಹಾಕಲು ಇಲಾಖೆ ಆಧಾರವಾಗಿ ತೋರಿಸಿದ್ದು 1961 ಮತ್ತು 1970ರ ಎರಡು ಸುತ್ತೋಲೆಗಳನ್ನು. ಅವುಗಳಿಗೆ ಶಾಸನದ ಬಲವಿಲ್ಲ, ಅವು ಇಲಾಖೆಯ ಒಳಗಿನ ಸೂಚನೆಗಳು ಮಾತ್ರ. ಪ್ರಜೆಯ ಮೂಲಭೂತ ಹಕ್ಕನ್ನು ಕಾನೂನಿನಿಂದಲ್ಲದೆ ಸುತ್ತೋಲೆಯಿಂದ ಮೊಟಕುಗೊಳಿಸಲಾಗದು ಎಂದು ಕೋರ್ಟು ಸ್ಪಷ್ಟಪಡಿಸಿತು. ಸುತ್ತೋಲೆಗಳ ಕಾಟ ಏನೆಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರಕ್ಕೆ ಬರೆಯಬಹುದು, ಅದೇ ಭಾಷೆಯಲ್ಲಿ ಉತ್ತರ ಪಡೆಯಬಹುದು ಎಂದು 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಲ್ಲೇ ಇದೆ. ಆದರೂ ಕಚೇರಿಯ ಕಿಟಕಿಯಲ್ಲಿ ಯಾವುದೋ ಸೂಚನೆಯ ಹೆಸರು ಹೇಳಿ ಮಲಯಾಳಂ ಅರ್ಜಿ ತರಲು ಹೇಳಿದರೆ ನಮ್ಮಲ್ಲಿ ಹಲವರು ಮರುಮಾತಿಲ್ಲದೆ ಹಿಂದಿರುಗುತ್ತಾರೆ. "ಯಾವ ಕಾಯಿದೆಯ ಯಾವ ಕಲಂ?" ಎಂದು ಕೇಳುವ ಅಭ್ಯಾಸ ನಮಗೆ ಬೇಕು. ಅದೇ ಪ್ರಶ್ನೆಯನ್ನು ಇನ್ನೊಬ್ಬರ ಮಗುವನ್ನು ಗೇಟಿನ ಬಳಿ ನಿಲ್ಲಿಸಿದಾಗಲೂ ಕೇಳಬೇಕು.

ಏಕೆಂದರೆ ಕೋರ್ಟು ಬರುವುದು ಯಾವಾಗಲೂ ತಡವಾಗಿ. ಕಿಡಂಗೂರಿನಲ್ಲಿ ಹೊರಹಾಕಿದ ದಿನದಿಂದ ದಿಲ್ಲಿಯ ತೀರ್ಪಿಗೆ ಒಂದು ವರ್ಷ ಹದಿನಾರು ದಿನ. ಉಡುಪಿಯ ಅರ್ಜಿದಾರ ಹುಡುಗಿಯರಲ್ಲಿ ಇಬ್ಬರು 2022ರ ಏಪ್ರಿಲಿನಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆಯ ಕೇಂದ್ರಕ್ಕೆ ಹೋಗಿ ಬರೆಯದೆ ಮರಳಿದರು; ಸುಪ್ರೀಂ ಕೋರ್ಟಿನ ಭಿನ್ನಮತದ ತೀರ್ಪು ಬರುವಾಗ ಆ ಪರೀಕ್ಷೆ ಕಳೆದು ಆರು ತಿಂಗಳಾಗುತ್ತ ಬಂದಿತ್ತು. ಮಕ್ಕಳ ವರ್ಷ ಉಳಿಯುವುದೂ ಹೋಗುವುದೂ ಅದಕ್ಕಿಂತ ಮೊದಲೇ, ಮುಖ್ಯೋಪಾಧ್ಯಾಯರ ಕೋಣೆಯಲ್ಲಿ, ಆಡಳಿತ ಸಮಿತಿಯಲ್ಲಿ, ಅಧ್ಯಾಪಕ-ರಕ್ಷಕ ಸಭೆಯಲ್ಲಿ ನಿರ್ಧಾರವಾಗಿಬಿಡುತ್ತದೆ. ನಮ್ಮ ಜಿಲ್ಲೆಯ ಅನುದಾನಿತ ಕನ್ನಡ ಶಾಲೆಗಳ ಆ ಕುರ್ಚಿಗಳಲ್ಲಿ ಕುಳಿತವರು ಅನೇಕ ಕಡೆ ನಾವೇ. ಕಿಡಂಗೂರಿನ ತಂದೆ, ಸರಕಾರದ ಆಜ್ಞೆ ಬರುವ ತನಕವಾದರೂ ಮಕ್ಕಳನ್ನು ತರಗತಿಯಲ್ಲಿ ಕುಳ್ಳಿರಿಸಿ ಎಂದು ಮುಖ್ಯೋಪಾಧ್ಯಾಯಿನಿಯನ್ನು ಬೇಡಿಕೊಂಡಿದ್ದರು. ಅದು ತನ್ನ ಕೈಯಲ್ಲಿಲ್ಲ ಎಂಬ ಉತ್ತರ ಬಂತು.