ಪಕ್ಕದಲ್ಲಿ ಕುಳಿತ ಉಪಾಧ್ಯಾಯರು

ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ ಅಮೆರಿಕದ ಹೈಸ್ಕೂಲೊಂದನ್ನು ಹೊಕ್ಕವನಿಗೆ ಮೂವರು ಉಪಾಧ್ಯಾಯರು ಕಾಣಸಿಗುತ್ತಿದ್ದರು. ಒಬ್ಬರು ಫ್ರೆಂಚನ್ನೋ ಸ್ಪ್ಯಾನಿಷನ್ನೋ ಕಲಿಸುವವರು. ಇನ್ನೊಬ್ಬರು ಮರ, ಕಬ್ಬಿಣ, ಯಂತ್ರಗಳ ನಡುವೆ ನಿಂತು ಕೈಗೆಲಸ ಹೇಳಿಕೊಡುವವರು. ಮೂರನೆಯವರು ಹದಿನಾರರ ಹುಡುಗನ ಕೈಗೆ ಮೋಟಾರನ್ನು ಒಪ್ಪಿಸಿ ತಾವು ಅವನ ಪಕ್ಕದಲ್ಲಿ ಕೂರುವವರು. ಈ ಮೂವರ ಪಾಠಗಳಿಗೆ ಒಂದಕ್ಕೊಂದು ಸಂಬಂಧವಿಲ್ಲವೆಂದು ಮೊದಲ ನೋಟಕ್ಕೆ ತೋರುವುದು ಸಹಜ. ಆದರೆ ಅವುಗಳ ಒಳಗೊಂದು ನಂಟಿದೆ. ಮೂರೂ ಕೇಳಿ ತಿಳಿಯುವ ವಿದ್ಯೆಗಳಲ್ಲ, ಮಾಡಿ ತಿಳಿಯುವ ವಿದ್ಯೆಗಳು. ದಂಡೆಯ ಮೇಲೆ ನಿಂತು ಈಜು ಕಲಿತವರಿಲ್ಲ. ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದ ನನಗೆ ಈ ನಂಟು ಹೊಳೆದದ್ದು ತೀರ ತಡವಾಗಿ. ಅದಕ್ಕೆ ಕಾರಣವಾದ ನನ್ನ ತಪ್ಪೊಂದನ್ನು ಕಡೆಯಲ್ಲಿ ವಾಚಕರ ಮುಂದೆ ನಿವೇದಿಸುತ್ತೇನೆ.

ಮೊದಲು ಕೈಗೆಲಸದ ಮಾತು. 1876ರಲ್ಲಿ ಫಿಲಡೆಲ್ಫಿಯದಲ್ಲಿ ನಡೆದ ಮಹಾ ಪ್ರದರ್ಶನದಲ್ಲಿ ಮಾಸ್ಕೋದ ತಾಂತ್ರಿಕ ಶಾಲೆಯೊಂದು ತನ್ನ ವಿದ್ಯಾರ್ಥಿಗಳ ಕೈಕೆಲಸವನ್ನು ಕ್ರಮವಾಗಿ ಜೋಡಿಸಿ ತೋರಿಸಿತು. ಅದನ್ನು ಕಂಡ ಅಮೆರಿಕದ ಶಿಕ್ಷಣವೇತ್ತರಿಗೆ ಹೊಸ ದಾರಿಯೊಂದು ತೆರೆದಂತಾಯಿತು. ಕೆಲವೇ ವರ್ಷಗಳಲ್ಲಿ ಕ್ಯಾಲ್ವಿನ್ ವುಡ್‌ವರ್ಡ್ ಸೇಂಟ್ ಲೂಯಿ ನಗರದಲ್ಲಿ ಕೈಗೆಲಸದ ಶಾಲೆಯನ್ನು ತೆರೆದನು. ಅವನ ಉದ್ದೇಶ ಬಡಗಿಗಳನ್ನು ತಯಾರಿಸುವುದಾಗಿರಲಿಲ್ಲ. ಲೆಕ್ಕವನ್ನೂ ಸಾಹಿತ್ಯವನ್ನೂ ಓದುವ ಹುಡುಗನೇ ಉಳಿಯನ್ನೂ ಹಿಡಿಯಬೇಕು, ತಲೆ ಕೈಗಳು ಜೊತೆಯಾಗಿ ಬೆಳೆಯಬೇಕು ಎಂಬುದಾಗಿತ್ತು. ಈ ಆಶಯ ಬಹುಕಾಲ ಬಾಳಲಿಲ್ಲ. ಕಸುಬಿನ ಶಿಕ್ಷಣಕ್ಕೆ ಒಕ್ಕೂಟ ಸರ್ಕಾರದ ಹಣವನ್ನು ಒದಗಿಸಿದ 1917ರ ಸ್ಮಿತ್–ಹ್ಯೂಸ್ ಶಾಸನದಿಂದ ಉಪಕಾರವಾದದ್ದು ನಿಜ. ಆದರೆ ಕಸುಬು ಒಂದು ಕಡೆ, ವಿದ್ಯೆ ಒಂದು ಕಡೆ ಎಂಬ ಗೋಡೆ ಅದರಿಂದ ಗಟ್ಟಿಯಾಯಿತು. ಬರಬರುತ್ತ ಕಮ್ಮಟದ ಕೋಣೆಯು ಓದು ಹತ್ತದವರನ್ನು ಕಳುಹಿಸುವ ಸ್ಥಳವೆನಿಸಿಕೊಂಡಿತು. ದೇಶ ಅಪಾಯದಲ್ಲಿದೆಯೆಂದು ಸಾರಿದ 1983ರ ಶಿಕ್ಷಣ ವರದಿ ಇಂಗ್ಲಿಷು, ಗಣಿತ, ವಿಜ್ಞಾನಗಳನ್ನು ಇನ್ನಷ್ಟು ವರ್ಷ ಓದಿಸಬೇಕೆಂದಿತು. ತರುವಾಯ ಎಷ್ಟೋ ಊರುಗಳಲ್ಲಿ ಗರಗಸಗಳ ಸದ್ದು ನಿಂತಿತು.

ಮೋಟಾರು ನಡೆಸುವ ಪಾಠದ ಕಥೆ ಇನ್ನೂ ಬೋಧಪ್ರದವಾದುದು. 1930ರ ದಶಕದಲ್ಲಿ ಪೆನ್ಸಿಲ್ವೇನಿಯದ ಸ್ಟೇಟ್ ಕಾಲೇಜ್ ಎಂಬ ಊರಿನ ಹೈಸ್ಕೂಲಿನಲ್ಲಿ ಏಮಸ್ ನೈಹಾರ್ಟ್ ಎಂಬ ಅಧ್ಯಾಪಕನು ತನ್ನ ಸ್ವಂತ ಕಾರಿನಲ್ಲಿ ಇದನ್ನು ಆರಂಭಿಸಿದನೆಂದು ಹೇಳುತ್ತಾರೆ. ಮುಂದೆ ಕೋಣೆಯಲ್ಲಿ 30 ಗಂಟೆ, ರಸ್ತೆಯಲ್ಲಿ 6 ಗಂಟೆ ಎಂಬುದು ವಾಡಿಕೆಯಾಯಿತು. ಉಪಾಧ್ಯಾಯರ ಕಾಲ ಬಳಿಯಲ್ಲಿ ಇನ್ನೊಂದು ಬ್ರೇಕು. ಆದರೆ ಅವರ ಜಾಣ್ಮೆ ಇದ್ದುದು ಅದನ್ನು ಒತ್ತುವುದರಲ್ಲಲ್ಲ, ಒತ್ತದೆ ತಡೆದುಕೊಳ್ಳುವುದರಲ್ಲಿ. ಹುಡುಗನ ತಪ್ಪು ಅವನಿಗೇ ತಿಳಿಯುವಷ್ಟು ಕಾಲ ಸುಮ್ಮನಿರಬೇಕು. ಅದು ಅಪಾಯವಾಗುವ ಮುನ್ನ ಕಾಲೂರಬೇಕು. ಈ ಎರಡರ ನಡುವಿನ ಕ್ಷಣವನ್ನು ಬಲ್ಲವನೇ ಗುರು.

ಈ ಪಾಠಕ್ಕೆ ಒದಗಿದ ಗತಿಯೇನು? 1980ರ ಸುಮಾರಿಗೆ ಜಾರ್ಜಿಯದ ಡಿಕಾಲ್ಬ್ ಜಿಲ್ಲೆಯಲ್ಲಿ ಸಾವಿರಾರು ವಿದ್ಯಾರ್ಥಿಗಳನ್ನು ಆಯ್ದು, ಕಲಿತವರಿಗೂ ಕಲಿಯದವರಿಗೂ ಅಪಘಾತಗಳಲ್ಲಿ ಎಷ್ಟು ವ್ಯತ್ಯಾಸವೆಂದು ಲೆಕ್ಕ ಹಾಕಿದರು. ಬಹುಕಾಲ ನಿಲ್ಲುವಂಥ ವ್ಯತ್ಯಾಸವೇನೂ ಕಾಣಲಿಲ್ಲ. ಅನೇಕ ಕಡೆ ಹಣ ನಿಂತಿತು, ಪಾಠವೂ ನಿಂತಿತು. ಆರು ಗಂಟೆಗಳಲ್ಲಿ ಅಭ್ಯಾಸ ಕೈಗೂಡದೆಂಬುದು ಸತ್ಯ. ಪರವಾನಗಿಗೆ ಮುನ್ನ ತಂದೆತಾಯಿಗಳು ಹತ್ತಾರು ಗಂಟೆ ಪಕ್ಕದಲ್ಲಿ ಕೂರಬೇಕೆಂದು ಈಗ ಹಲವು ರಾಜ್ಯಗಳು ವಿಧಿಸಿವೆ. ಆದರೂ ನನ್ನದೊಂದು ಪ್ರಶ್ನೆ. ಮೋಟಾರಿನ ಪಾಠವನ್ನು ರಸ್ತೆಯ ಮೇಲೆ ತೂಗಿದಂತೆ ಬೀಜಗಣಿತವನ್ನು ಸಂತೆಯಲ್ಲಿ ತೂಗಿದವರು ಯಾರು? ಚರಿತ್ರೆ ಓದಿದವನು ಹತ್ತು ವರ್ಷಗಳ ಮೇಲೆ ವಿವೇಕದಿಂದ ಮತ ಹಾಕಿದನೇ ಎಂದು ಎಣಿಸಿದವರು ಯಾರು? ಮಾಡಿ ತೋರಿಸುವ ವಿದ್ಯೆಗೆ ಮಾತ್ರ ಫಲದ ಪರೀಕ್ಷೆ. ಬರೆದು ತೋರಿಸುವ ವಿದ್ಯೆಗೆ ಬರೆದದ್ದೇ ಫಲ.

ಇನ್ನು ಭಾಷೆ. 1915ರಲ್ಲಿ ಅಮೆರಿಕದ ಹೈಸ್ಕೂಲು ವಿದ್ಯಾರ್ಥಿಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲೊಬ್ಬರು ಜರ್ಮನ್ ಓದುತ್ತಿದ್ದರು. ಯುದ್ಧದ ದ್ವೇಷದಿಂದಾಗಿ 1922ರ ವೇಳೆಗೆ ನೂರಕ್ಕೊಬ್ಬರೂ ಉಳಿಯಲಿಲ್ಲ. ಹತ್ತು ವರ್ಷದ ಬಾಲಕನಿಗೆ ಜರ್ಮನ್ ಓದಿಸಿದನೆಂದು ನೆಬ್ರಾಸ್ಕದ ಉಪಾಧ್ಯಾಯನೊಬ್ಬನಿಗೆ ದಂಡ ಬಿತ್ತು. 1923ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ರಷ್ಯ 1957ರಲ್ಲಿ ಸ್ಪುಟ್ನಿಕ್ ಹಾರಿಸಿದ ಮರುವರ್ಷವೇ ಬಂದ ಶಾಸನ ಪರಭಾಷೆಗಳಿಗೆ ಹಣ ಸುರಿಯಿತು. ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಉಚ್ಚಾರ ಕಲಿಯುವ ಕೋಣೆಗಳೆದ್ದವು. ಕಮ್ಮಟದಂತೆ ಭಾಷೆ ಮೂಲೆಗುಂಪಾಗಲಿಲ್ಲ. ಕಾಲೇಜಿಗೆ ಹೋಗುವವರು ಎರಡು ವರ್ಷವಾದರೂ ಅದನ್ನು ಓದಬೇಕೆಂದು ಆ 1983ರ ವರದಿಯೇ ಹೇಳಿತು. ಆದರೆ ಎರಡು ವರ್ಷ ಓದಿಯೂ ಎರಡು ಮಾತನಾಡಲು ಬಾರದೆಂಬ ದೂರು ಅಲ್ಲಿಯೂ ಹಳೆಯದೇ. ಕಮ್ಮಟವು ಮರ್ಯಾದೆಯನ್ನು ಕಳೆದುಕೊಂಡು ಕೈಯನ್ನು ಉಳಿಸಿಕೊಂಡಿತು. ಭಾಷೆಯು ಮರ್ಯಾದೆಯನ್ನು ಉಳಿಸಿಕೊಂಡು ನಾಲಗೆಯನ್ನು ಕಳೆದುಕೊಂಡಿತು.

ದೂರದೇಶದ ಈ ವಿಚಾರ ನಮಗೇಕೆ ಎಂದು ವಾಚಕರು ಕೇಳಬಹುದು. ಅದು ನಮ್ಮ ಬಾಗಿಲಿಗೂ ಬಂದಿತ್ತು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕಸುಬಿನ ಮೂಲಕ ಶಿಕ್ಷಣವೆಂಬ ತತ್ತ್ವವನ್ನು ಸಾರಿದ್ದರು. 1952–53ರ ಮುದಲಿಯಾರ್ ಆಯೋಗ ವಿವಿಧೋದ್ದೇಶ ಪ್ರೌಢಶಾಲೆಗಳನ್ನು ಸೂಚಿಸಿತು. ಅಂಥ ಶಾಲೆಗಳಿಗೆ ಉಪಾಧ್ಯಾಯರನ್ನು ಸಿದ್ಧಗೊಳಿಸಲು 1963ರಲ್ಲಿ ಮೈಸೂರಿನಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜು ಸ್ಥಾಪಿತವಾದಾಗ ಅಮೆರಿಕದ ಒಹಾಯೋ ರಾಜ್ಯ ವಿಶ್ವವಿದ್ಯಾಲಯ ನೆರವಾಯಿತು. ಕಾಲೇಜು ಹೆಸರು ಬದಲಿಸಿಕೊಂಡು ಇಂದಿಗೂ ಇದೆ. ವಿವಿಧೋದ್ದೇಶಗಳು ಮಾತ್ರ ಏಕೋದ್ದೇಶವಾದವು. ಆ ಉದ್ದೇಶದ ಹೆಸರು ಪರೀಕ್ಷೆ.

ಅದರಲ್ಲಿ ನನ್ನ ಪಾಲೂ ಇದೆ. ನಾನಿದ್ದ ಶಾಲೆಯ ಹಿಂಬದಿಯಲ್ಲಿ ಹೆಂಚಿನ ಕೊಟ್ಟಿಗೆಯೊಂದಿತ್ತು. ಅಲ್ಲಿ ನಮ್ಮ ಕ್ರಾಫ್ಟ್ ಮೇಷ್ಟರು ಮರಗೆಲಸ ಹೇಳಿಕೊಡುತ್ತಿದ್ದರು. ಹತ್ತನೆಯ ತರಗತಿಯ ಫಲಿತಾಂಶ ಇಳಿದ ವರ್ಷ, ವಾರಕ್ಕೆ ಎರಡಿದ್ದ ಅವರ ಅವಧಿಗಳನ್ನು ನನ್ನ ಇಂಗ್ಲಿಷಿಗೆ ಕೊಡಿಸಿರೆಂದು ಮುಖ್ಯೋಪಾಧ್ಯಾಯರನ್ನು ಕೇಳಿದವನು ನಾನೇ. ಮೇಷ್ಟರು ತಕರಾರು ಮಾಡಲಿಲ್ಲ. ಕೊಟ್ಟಿಗೆಯಲ್ಲಿ ಹುಡುಗನೊಬ್ಬ ತಾನು ಕೂಡಿಸಿದ ಚೌಕಟ್ಟಿಗೆ ಮೂಲೆಮಟ್ಟವನ್ನಿಟ್ಟು, ಸಂದಿನಲ್ಲಿ ಬೆಳಕು ತೂರುವುದನ್ನು ನೋಡಿ ತಾನೇ ಮತ್ತೆ ಬಿಚ್ಚುತ್ತಿದ್ದ. ಅದನ್ನು ತೋರಿಸಿ ಅವರು, “ಮೇಷ್ಟ್ರೇ, ನಿಮ್ಮ ಪಾಠದಲ್ಲಿ ತಾನು ತಪ್ಪಿದ್ದು ಹುಡುಗನಿಗೆ ಹೇಗೆ ಗೊತ್ತಾಗುತ್ತೆ?” ಎಂದರು. ವ್ಯಂಗ್ಯವಿರಲಿಲ್ಲ, ಕೇಳಿ ತಿಳಿಯುವ ಆಸೆಯಿತ್ತು. ಕೆಂಪು ಶಾಯಿಯಿಂದ ಎನ್ನುವುದೊಂದೇ ನನ್ನಲ್ಲಿದ್ದ ಉತ್ತರ, ಹೇಳಲು ನಾಚಿಕೆಯಾಯಿತು. ಅವಧಿಗಳನ್ನು ಮಾತ್ರ ತೆಗೆದುಕೊಂಡೆ. ಫಲಿತಾಂಶ ಏರಿತು. ಮೇಷ್ಟರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಕೊಟ್ಟಿಗೆಯಲ್ಲಿ ಮುರಿದ ಬೆಂಚುಗಳು ತುಂಬಿದವು. ನನ್ನಲ್ಲಿ ಎಪ್ಪತ್ತು ಅಂಕ ಪಡೆದ ಹುಡುಗರು ಪಟ್ಟಣದ ಬ್ಯಾಂಕಿನಲ್ಲಿ ಒಂದು ವಾಕ್ಯ ಇಂಗ್ಲಿಷ್ ಆಡಲಾರದೆ ತಲೆ ತಗ್ಗಿಸಿದ್ದನ್ನು ನಾನೇ ಕಂಡಿದ್ದೇನೆ. ತಪ್ಪು ನಾಲಗೆಯಿಂದ ಹೊರಬಂದು, ತಾನಾಗಿ ತಿದ್ದಿಕೊಳ್ಳುವ ಅವಕಾಶವನ್ನು ನಾನು ಅವರಿಗೆ ಕೊಟ್ಟಿರಲಿಲ್ಲ. ಹುಡುಗ ತೊದಲುವ ಮೊದಲೇ ನಾನು ಬ್ರೇಕನ್ನು ಒತ್ತಿಬಿಡುತ್ತಿದ್ದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರನೆಯ ತರಗತಿಯಿಂದ ಕಸುಬಿನ ಪರಿಚಯವಿರಲಿ, ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಮಕ್ಕಳು ಬರಲಿ ಎಂದಿದೆ. ಸ್ವಾಗತಾರ್ಹವಾದ ಮಾತು. ಆದರೆ ಹತ್ತು ದಿನದಲ್ಲಿ ಉಳಿಯ ಪರಿಚಯವಾದೀತು, ಉಳಿ ಕೈಗೆ ಒಗ್ಗದು. ಕಾರು ನಡೆಸಲು ಹದಿನೆಂಟು ತುಂಬಬೇಕೆನ್ನುವ ನಮ್ಮ ದೇಶದಲ್ಲಿ ಮೋಟಾರಿನ ಪಾಠಕ್ಕೆ ಹೈಸ್ಕೂಲಿನಲ್ಲಿ ಎಡೆಯಿಲ್ಲದಿರಬಹುದು. ಆ ಪಾಠದ ಉಪಾಧ್ಯಾಯರಿಗೆ ಎಡೆಯಿದೆ. ಕಸುಬಿಗೆ ಕಾಯಂ ಉಪಾಧ್ಯಾಯರನ್ನು ಕೊಡಿ, ಅವರ ಅವಧಿಯನ್ನು ಯಾರೂ ಕಸಿಯದಂತೆ ಕಾಯಿರಿ, ಭಾಷೆಯ ಪರೀಕ್ಷೆಯಲ್ಲಿ ಆಡುವ ಮಾತಿಗೂ ಅಂಕವಿರಲಿ ಎಂದು ಶಿಕ್ಷಣದ ಹೊಣೆ ಹೊತ್ತವರಲ್ಲಿ ನನ್ನ ವಿನಂತಿ. ನನ್ನ ಕಿರಿಯ ಸಹೋದ್ಯೋಗಿಗಳಲ್ಲಿ ಬೇಡುವುದು ಇನ್ನೂ ಚಿಕ್ಕದು: ನಾಳೆ ತರಗತಿಯಲ್ಲಿ ಹುಡುಗನೊಬ್ಬ ತಪ್ಪು ವಾಕ್ಯವನ್ನು ಆರಂಭಿಸಿದರೆ, ಅವನೇ ಅದನ್ನು ಮುಗಿಸುವವರೆಗೆ ದಯವಿಟ್ಟು ಕಾಯಿರಿ.