ಇಂಜಿನ್ ಓಡುತ್ತದೆ, ದೀಪ ಮಾತ್ರ ಹತ್ತದು



ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ವಿದ್ಯುತ್ ತಂತಿಗಳು ಬಹುಪಾಲು ಕಾಡು, ಬೆಟ್ಟಗಳ ನಡುವೆಯೇ ಹಾದು ಬರುತ್ತವೆ. ಮಳೆಗಾಲದಲ್ಲಿ ಒಂದು ಮರ ಉರುಳಿದರೆ ಸಾಕು, ಒಂಟಿಮನೆಗಳಿಗೆ ದಿನಗಟ್ಟಲೆ ಕತ್ತಲೆ. ಆದುದರಿಂದಲೇ ಅನೇಕ ತೋಟಿಗರು ಸಣ್ಣ ಜನರೇಟರ್ ಇಟ್ಟುಕೊಂಡಿದ್ದಾರೆ. ಆದರೆ ಬೇಕಾದ ದಿನವೇ ಅದು ಕೈಕೊಡುವುದುಂಟು. ಹಗ್ಗ ಎಳೆದರೆ ಇಂಜಿನ್ ಓಡುತ್ತದೆ, ಸದ್ದೂ ಸರಿಯಿದೆ. ಬಲ್ಬು ಮಾತ್ರ ಹತ್ತುವುದಿಲ್ಲ. ಕೊನೆಗೊಯ್ಲಿನ ಹಸಿ ಅಡಿಕೆ ಅಂಗಳದಲ್ಲಿ ಬಿದ್ದಿರುವಾಗ ಸುಲಿಯುವ ಯಂತ್ರ ನಿಂತರೆ ಆಗುವ ನಷ್ಟ ತಮಗೆ ಹೇಳಬೇಕಾಗಿಲ್ಲ.

ಇಂತಹ ಸಂದರ್ಭದಲ್ಲಿ "ಕಾಯಿಲ್ ಸುಟ್ಟಿದೆ, ಹೊಸದಾಗಿ ಸುತ್ತಿಸಬೇಕು" ಎಂಬ ಮಾತನ್ನು ಪರೀಕ್ಷೆ ಮಾಡದೆ ಒಪ್ಪಬೇಡಿ. ಸುಟ್ಟ ಕಾಯಿಲಿಗೆ ಸಾಮಾನ್ಯವಾಗಿ ಸುಟ್ಟ ವಾಸನೆ, ಕಪ್ಪು ಬಣ್ಣ ಇರುತ್ತದೆ. ಅವಿಲ್ಲದಿದ್ದರೆ ದೋಷ ಬೇರೆಡೆ ಇರುವ ಸಂಭವವೇ ಹೆಚ್ಚು. ನನ್ನ ಅಭಿಪ್ರಾಯದಲ್ಲಿ ಇದು ಅನೇಕ ಸಲ ಯಂತ್ರದ ದೋಷಕ್ಕಿಂತ, ನಾವು ಅದನ್ನು ಇಟ್ಟುಕೊಳ್ಳುವ ರೀತಿಯ ದೋಷ.

ಕಾರಣವೇನು?

ಜನರೇಟರಿನ ತಿರುಗುವ ಭಾಗದ ಕಬ್ಬಿಣದಲ್ಲಿ, ಹಿಂದಿನ ಸಲ ಓಡಿದಾಗಿನ ಅಲ್ಪ ಕಾಂತಶಕ್ತಿ ಉಳಿದಿರುತ್ತದೆ. ಇದು ಹಾಲಿಗೆ ಹಾಕುವ ಹೆಪ್ಪಿನಂತೆ. ಇದರಿಂದ ಮೊದಲು ಕೆಲವೇ ವೋಲ್ಟ್ ಹುಟ್ಟಿ, ರೆಗ್ಯುಲೇಟರ್ ಮತ್ತು ಕಾರ್ಬನ್ ಬ್ರಷ್ ಮೂಲಕ ಮತ್ತೆ ಸುರುಳಿಗೆ ಹೋಗಿ, ಕಾಂತಶಕ್ತಿ ಬೆಳೆದು ೨೩೦ ವೋಲ್ಟ್ ಆಗುತ್ತದೆ. ಬ್ರಷ್ ಇಲ್ಲದ ಸಣ್ಣ ಮಾದರಿಗಳಲ್ಲಿ ಈ ಕೆಲಸಕ್ಕೆ ಕೆಪಾಸಿಟರ್ ಇರುತ್ತದೆ. ತಿಂಗಳುಗಟ್ಟಲೆ ಓಡಿಸದೆ ಇಟ್ಟರೆ, ಅಥವಾ ಲೋಡು ಇರುವಾಗಲೇ ಪೆಟ್ರೋಲ್ ತೀರಿ ಇಂಜಿನ್ ನಿಂತರೆ ಈ ಹೆಪ್ಪು ಕಳೆದುಹೋಗಬಹುದು. ಮಲೆನಾಡಿನ ತೇವಕ್ಕೆ ಬ್ರಷ್ ತಾಗುವ ಬಳೆಗಳು ಕಿಲುಬು ಹಿಡಿಯಬಹುದು. ಇಲಿ ತಂತಿ ಕಡಿಯಬಹುದು.

ಪರೀಕ್ಷೆಯ ಕ್ರಮ

೧. ಎಲ್ಲ ಲೋಡು ತೆಗೆದು ಇಂಜಿನ್ ಓಡಿಸಿ. ಬ್ರೇಕರ್ ಬಿದ್ದಿದ್ದರೆ ಎತ್ತಿ. ಬೇರೆ ಸಾಕೆಟ್ಟಿನಲ್ಲಿ ಬೇರೆ ಬಲ್ಬು ಹಾಕಿ ನೋಡಿ.

೨. ಇಂಜಿನ್ ವೇಗ ಸಾಲದಿದ್ದರೆ ವೋಲ್ಟೇಜ್ ಏಳುವುದಿಲ್ಲ. ಇಂತಹ ಸಣ್ಣ ಯಂತ್ರಗಳು ಸಾಮಾನ್ಯವಾಗಿ ನಿಮಿಷಕ್ಕೆ ೩,೦೦೦ ಸುತ್ತು ತಿರುಗಬೇಕು.

೩. ಮಲ್ಟಿಮೀಟರಿನಿಂದ ಸಾಕೆಟ್ಟಿನ ವೋಲ್ಟೇಜ್ ಅಳೆಯಿರಿ. ೨ರಿಂದ ೧೦ ವೋಲ್ಟ್ ತೋರಿಸಿದರೆ ಹೆಪ್ಪು ಇದೆ ಎಂದರ್ಥ. ಬ್ರಷ್, ರೆಗ್ಯುಲೇಟರ್ ಅಥವಾ ಕೆಪಾಸಿಟರನ್ನು ಸಂಶಯಿಸಬೇಕು. ಸೊನ್ನೆ ತೋರಿಸಿದರೆ ಹೆಪ್ಪು ಕಳೆದಿರಬೇಕು, ಇಲ್ಲವೇ ತಂತಿ ಎಲ್ಲೋ ಕಡಿದಿರಬೇಕು.

೪. ಇಂಜಿನ್ ನಿಲ್ಲಿಸಿದ ಮೇಲೆಯೇ ಮುಚ್ಚಳ ತೆಗೆದು, ಬ್ರಷ್ ಸವೆದಿದೆಯೇ, ಅಂಟಿಕೊಂಡಿದೆಯೇ ನೋಡಿ. ಕೆಪಾಸಿಟರನ್ನು ಕೈಯಿಂದ ಮುಟ್ಟಬೇಡಿ. ನಿಂತ ಮೇಲೂ ಅದರಲ್ಲಿ ವಿದ್ಯುತ್ ಉಳಿದಿರಬಹುದು.

ಕಳೆದ ಹೆಪ್ಪನ್ನು ಮತ್ತೆ ಹಾಕಬಹುದು. ನಿಂತ ಯಂತ್ರದ ಬ್ರಷ್ ತಂತಿಗಳನ್ನು ರೆಗ್ಯುಲೇಟರಿನಿಂದ ಬೇರ್ಪಡಿಸಿ, ೧೨ ವೋಲ್ಟ್ ಬ್ಯಾಟರಿಯನ್ನು ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಆಗಿ ಕೆಲವು ಸೆಕೆಂಡು ತಾಗಿಸುತ್ತಾರೆ. ಇದನ್ನು ಬಲ್ಲವರಿಂದಲೇ ಮಾಡಿಸುವುದು ಲೇಸು. ಇನ್ವರ್ಟರ್ ಮಾದರಿಯ ಜನರೇಟರಿಗೆ ಈ ಉಪಾಯ ಸಲ್ಲದು.

ಪ್ರಾಣದ ಪ್ರಶ್ನೆ

ಒಂದು ರೂಢಿಯನ್ನು ಮಾತ್ರ ನಾನು ಖಂಡಿತವಾಗಿ ವಿರೋಧಿಸುತ್ತೇನೆ. ಎರಡೂ ತುದಿಗೆ ಪ್ಲಗ್ ಇರುವ ತಂತಿಯಿಂದ ಜನರೇಟರನ್ನು ಮನೆಯ ಸಾಕೆಟ್ಟಿಗೆ ಜೋಡಿಸುವವರಿದ್ದಾರೆ. ಮೇನ್ ಸ್ವಿಚ್ ತೆಗೆಯಲು ಮರೆತರೆ ಆ ವಿದ್ಯುತ್ ಹಿಮ್ಮುಖವಾಗಿ ಟ್ರಾನ್ಸ್‌ಫಾರ್ಮರ್ ಸೇರಿ, ಆ ಕಡೆ ೧೧,೦೦೦ ವೋಲ್ಟ್ ಆಗಬಲ್ಲದು. ಲೈನು ಸತ್ತಿದೆಯೆಂದು ನಂಬಿ, ನಮಗಾಗಿಯೇ ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್ ಗತಿಯೇನು? ಚೇಂಜ್ ಓವರ್ ಸ್ವಿಚ್ಚಿನ ಖರ್ಚು ಒಂದು ಜೀವಕ್ಕಿಂತ ದೊಡ್ಡದಲ್ಲ. ಹಾಗೆಯೇ ಮಳೆಗೆ ನೆನೆಯುತ್ತದೆಂದು ಜನರೇಟರನ್ನು ಮನೆಯೊಳಗೆ, ಕೊಟ್ಟಿಗೆಯೊಳಗೆ ಓಡಿಸಬೇಡಿ. ಅದರ ಹೊಗೆಯಲ್ಲಿ ವಾಸನೆಯಿಲ್ಲದ ವಿಷಾನಿಲವಿದೆ. ಮನೆಯಿಂದ ದೂರ, ಗಾಳಿಯಾಡುವ ಮಾಡಿನ ಕೆಳಗಿರಲಿ.

ಮಾಡಬೇಕಾದುದೇನು?

ತಿಂಗಳಿಗೊಮ್ಮೆ ೨೦ ನಿಮಿಷ, ಒಂದೆರಡು ಬಲ್ಬಿನ ಲೋಡು ಕೊಟ್ಟು ಓಡಿಸಿ; ನಿಲ್ಲಿಸುವ ಮೊದಲು ಲೋಡು ತೆಗೆಯಿರಿ. "ಪೆಟ್ರೋಲ್ ತುಟ್ಟಿ, ಕೆಲಸವಿಲ್ಲದೆ ಏಕೆ ಓಡಿಸಬೇಕು?" ಎಂದು ಕೆಲವರು ಕೇಳಬಹುದು. ಒಂದು ಲೀಟರೂ ಬೇಡದ ಈ ಖರ್ಚನ್ನು ಕಾಯಿಲ್ ಸುತ್ತಿಸುವ ಖರ್ಚಿನೊಡನೆ ತಾವೇ ತೂಗಿ ನೋಡಿ.

ಇನ್ನೊಂದು ಮಾತು. ೧೯೨೩ರಷ್ಟು ಹಿಂದೆಯೇ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ ಕಟ್ಟಿದ ನಾಡು ನಮ್ಮದು. ಪ್ರತಿ ಊರಿನ ಸೊಸೈಟಿ ಒಂದು ಮಲ್ಟಿಮೀಟರ್ ಇಟ್ಟು, ಊರಿನ ಇಬ್ಬರು ಯುವಕರಿಗೆ ಇಷ್ಟು ಪರೀಕ್ಷೆ ಕಲಿಸುವುದು ದೊಡ್ಡ ಕೆಲಸವಲ್ಲ. ಮುಂದಿನ ಸರ್ವಸಾಧಾರಣ ಸಭೆಯಲ್ಲಿ ತಾವು ಈ ಮಾತನ್ನು ಎತ್ತಬೇಕೆಂದು ವಿನಂತಿ.